ಮಂಜಿಗೆ ಜಗ್ಗಿದ ಜೋಳಿಗೆ

ಟಾಲ್ಬರ್ಟ್ ಕಾಲೇಜು, ಮೇರಿಲ್ಯಾಂಡ್
9 ಜನವರಿ 2023

ಪ್ರಿಯ ಹೆಟ್ಟಿ,

ಅಕ್ಷರ ನೋಡಿ ಹೆದರಬೇಡ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಎಂಟು ಸಾಲು ಹಿಡಿಸಿದರೆ ಹೆಚ್ಚು. ಫೋನ್ ಮಾಡಬಹುದಿತ್ತು. ಆದರೆ ಕೊನೆಯ ಸಲ ಮಾಡಿದಾಗ ನೀನು "ಯಾರು?" ಅಂದೆ, ನಾನು ಹೆಸರು ಹೇಳಿದೆ, ನೀನು ಇಟ್ಟುಬಿಟ್ಟೆ. ಅದಾಗಿ ಹದಿನೆಂಟು ವರ್ಷವಾಯಿತು. ಕಾಗದವನ್ನು ಹಾಗೆ ಅರ್ಧಕ್ಕೆ ಇಟ್ಟುಬಿಡುವುದು ಕಷ್ಟ, ಒಲೆಗೆ ಹಾಕಬಹುದು ಅಷ್ಟೇ.

ನಾನು ಇನ್ನೂ ಇಲ್ಲಿಯ ಹುಡುಗಿಯರ ಲಕ್ರಾಸ್ ತಂಡದ ಮುಖ್ಯ ಕೋಚ್. ಇದು ಮೂವತ್ತನಾಲ್ಕನೆಯ ವರ್ಷ, ಇದೇ ಕೊನೆಯದು. ಯಾರೂ ನನ್ನನ್ನು ಓಡಿಸುತ್ತಿಲ್ಲ. ಕಣ್ಣು ಹೋಗುತ್ತಿದೆ. ಎರಡು ಕಣ್ಣಲ್ಲೂ ನಟ್ಟನಡುವೆ ಒಂದು ಬೂದು ಚುಕ್ಕೆ ಬಂದು ಕೂತಿದೆ, ದಿನಕ್ಕಿಷ್ಟು ಬೆಳೆಯುತ್ತಿದೆ. ಈ ವಿಷಯ ಗೊತ್ತಿರುವುದು ನನ್ನ ಸಹಾಯಕ ಕೋಚ್ ಟೆಸ್ ಒಬ್ಬಳಿಗೆ. ಪಂದ್ಯದಲ್ಲಿ ಅವಳು ನನ್ನ ಕಿವಿಯ ಹತ್ತಿರ ನಿಂತು, "ಕೋಚ್, ಏಳನೇ ನಂಬರು ಬಲಗಡೆಯಿಂದ ಓಡ್ತಿದ್ದಾಳೆ, ಚೆಂಡು ಅವಳ ಕೋಲಿನ ಜೋಳಿಗೇಲಿದೆ," ಅಂತ ಪಿಸುಗುಡುತ್ತಾಳೆ. ನಾನು ಗಟ್ಟಿಯಾಗಿ, "ಏಳು! ಕೊಡೇ ಚೆಂಡು, ಅದೇನು ನಿನ್ನ ಕೂಸಾ?" ಅಂತ ಕೂಗುತ್ತೇನೆ. ಮುದುಕಿಯ ಕಣ್ಣು ಹದ್ದಿನ ಕಣ್ಣು ಅಂತ ಹುಡುಗಿಯರು ನಂಬಿದ್ದಾರೆ.

ಡಾಕ್ಟರು ಹೇಳಿದ್ದು ಇಷ್ಟು: ಪೂರ್ತಿ ಕತ್ತಲೆ ಆಗುವುದಿಲ್ಲ, ಆದರೆ ಬೇಸಿಗೆಯ ಹೊತ್ತಿಗೆ ಮುಖಗಳು ಹೋಗುತ್ತವೆ.

ಏಪ್ರಿಲ್ 29, ಶನಿವಾರ, ನಮ್ಮ ಮೈದಾನದಲ್ಲಿ ನನ್ನ ಕೊನೆಯ ಪಂದ್ಯ. ಬಾ. ಭಾಷಣ ಕೇಳಲು ಬೇಡ, ಕೇಕು ತಿನ್ನಲು ಬೇಡ. ಮುಖಗಳು ಹೋಗುವ ಮೊದಲು ನಿನ್ನ ಮುಖ ಒಂದು ಸಲ ನೋಡಬೇಕು. ಸುತ್ತಿ ಬಳಸಿ ಕೇಳುವಷ್ಟು ಪೆನ್ನಿನ ಮಸಿ ನನ್ನ ಹತ್ತಿರ ಇಲ್ಲ.

ನಿನ್ನ,
ಲೆನೋರ್ ಪರ್ನೆಲ್


ಟಾಲ್ಬರ್ಟ್ ಕಾಲೇಜು
30 ಜನವರಿ 2023

ಪ್ರಿಯ ಹೆಟ್ಟಿ,

ಮೂರು ವಾರ ಆಯಿತು. ಒಲೆಗೆ ಹಾಕಿದೆಯಾ?

ನಿನ್ನೆ ಮಧ್ಯಾಹ್ನ ಕಡಲ ಸಿಂಪಿಯ ಸೂಪು ಕುಡಿದು ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ. ಕನಸಿನಲ್ಲಿ ನಮ್ಮ ಹಳೆಯ ಮೈದಾನ. ಈಗಿನ ಹಾಗೆ ಸುತ್ತ ಬಿಳಿ ಗೆರೆ ಇಲ್ಲ. ನಮ್ಮ ಕಾಲದಲ್ಲಿ ಗೆರೆಯೇ ಇರಲಿಲ್ಲವಲ್ಲ, ಚೆಂಡು ಹೋದಲ್ಲಿಗೆ ನಾವು ಹೋಗುತ್ತಿದ್ದೆವು, ಮರದ ಬುಡವೋ ಹಳ್ಳವೋ ನೋಡದೆ. ಕನಸಿನಲ್ಲೂ ಹಾಗೇ. ನಾನು ಕಲಿಸಿದ ಹುಡುಗಿಯರೆಲ್ಲ ಒಟ್ಟಿಗೆ ಆಡುತ್ತಿದ್ದರು. ಮೊದಲ ವರ್ಷದವರು, ಈ ವರ್ಷದವರು, ಈಗ ಅಜ್ಜಿಯಾದವರು, ತೀರಿಹೋದ ಇಬ್ಬರು, ಎಲ್ಲರಿಗೂ ಇಪ್ಪತ್ತೇ ವರ್ಷ. ಹುಲ್ಲು ಎಲ್ಲಿಯೂ ಮುಗಿಯಲಿಲ್ಲ. ಹುಲ್ಲಿನಿಂದ ಕೊಲ್ಲಿಯ ನೀರಿಗೆ, ನೀರಿನಿಂದ ಮಂಜಿಗೆ ಓಡುತ್ತಲೇ ಹೋದರು, ಒಬ್ಬಳ ಕಾಲೂ ಒದ್ದೆಯಾಗಲಿಲ್ಲ. ನಾನು ಸೀಟಿ ಊದಿದೆ. ಸೀಟಿಯಿಂದ ಸದ್ದಿನ ಬದಲು ಸ್ವಲ್ಪ ಮಂಜು ಹೊರಗೆ ಬಂತು.

ಎದ್ದ ಮೇಲೆ ಮೊದಲ ವರ್ಷದ ನೆನಪು. ಹನ್ನೆರಡು ಜನ ಆಡಬೇಕಾದ ತಂಡಕ್ಕೆ ಹನ್ನೊಂದೇ ಹುಡುಗಿಯರಿದ್ದರು. ಹನ್ನೆರಡನೆಯವಳನ್ನು ಗ್ರಂಥಾಲಯದಿಂದ ಎಳೆದು ತಂದೆ, ಕನ್ನಡಕ ಬಿದ್ದರೆ ಅಳುತ್ತಿದ್ದಳು. ನೀನು ಒಂದು ಶನಿವಾರ ಬಂದು ಅವಳಿಗೆ ಚೆಂಡು ಹಿಡಿಯುವುದು ಕಲಿಸಿದೆ. "ಕೋಲು ಗಟ್ಟಿಯಾಗಿ ಹಿಡೀಬೇಡ ಕಣೇ, ಮೊಟ್ಟೆ ಬೀಳ್ತಿದೆ ಅಂದ್ಕೊ, ಮೊಟ್ಟೆ ಜೊತೆಗೆ ಕೈನೂ ಹಿಂದಕ್ಕೆ ಬರ್ಲಿ," ಅಂದಿದ್ದೆ. ಆ ಮಾತನ್ನು ನಾನು ಮೂವತ್ತಮೂರು ವರ್ಷ ನನ್ನದೇ ಅನ್ನುವ ಹಾಗೆ ಹೇಳಿಕೊಂಡು ಬಂದಿದ್ದೇನೆ. ವ್ಯಾನು ನಾನೇ ಓಡಿಸುತ್ತಿದ್ದೆ, ಅಂಗಿಗಳನ್ನು ನಾನೇ ಒಗೆಯುತ್ತಿದ್ದೆ. ಆಮೇಲೆ ಮದುವೆಗಳಿಗೆ ಕರೆ ಬರತೊಡಗಿತು, ಆಮೇಲೆ ಅವರ ಮಕ್ಕಳೇ ಆಟಕ್ಕೆ ಬಂದರು. ಕೋಚ್ ಆದವಳ ಬದುಕು ಇಷ್ಟೇ ನೋಡು, ಹುಡುಗಿಯರ ವಯಸ್ಸು ಮಾತ್ರ ಅಲ್ಲೇ ನಿಂತಿರುತ್ತದೆ.

ಈಗ ಅವರ ಓಟ ಮಾತ್ರ ಕಾಣುತ್ತದೆ, ಕಣ್ಣಿನ ಅಂಚಿನಲ್ಲಿ, ಬಣ್ಣದ ಗೀಟುಗಳ ಹಾಗೆ. ನಿಜ ಹೇಳಲಾ, ಬಹಳ ಚೆಂದ ಕಾಣುತ್ತದೆ.

ಬರುತ್ತೀಯಾ?

ಲೆನೋರ್


ಲ್ಯಾಂಕಾಸ್ಟರ್ ಜಿಲ್ಲೆ, ಪೆನ್ಸಿಲ್ವೇನಿಯಾ
14 ಫೆಬ್ರವರಿ 2023

ಲೆನೋರ್,

ಎರಡೂ ಕಾಗದ ಬಂದಿವೆ. ಒಂದೊಂದು ಅಕ್ಷರ ಕೋಳಿಮೊಟ್ಟೆಯಷ್ಟಿದೆ. ಅಂಚೆಯವಳು ಲಕೋಟೆ ತೂಗಿ ನೋಡಿ, "ಏನ್ ಹೆಟ್ಟಿ, ಯಾರೋ ನಿಂಗೆ ಇಟ್ಟಿಗೆ ಕಳ್ಸಿದಾರೆ," ಅಂದಳು.

ಕಣ್ಣಿನ ವಿಷಯ ಓದಿ ಬೇಸರವಾಯಿತು. ಸುಳ್ಳಲ್ಲ.

ನಾನು ಕುದುರೆ ಜೀನು, ಲಗಾಮು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಲಿನ ಗಾಡಿ ಕುದುರೆಗಳವರೆಲ್ಲ ನನ್ನ ಗಿರಾಕಿಗಳು. ಚರ್ಮ ನನ್ನ ಮಾತು ಕೇಳುತ್ತದೆ. ಕುದುರೆಗಳು ಯಾರನ್ನೂ ತಪಾಸಣೆಗೆ ಕರೆಯುವುದಿಲ್ಲ.

ನಾನು ಬರುವುದಿಲ್ಲ. ಆ ಪಂದ್ಯದ ಬಗ್ಗೆ ನಿನ್ನ ಎರಡು ಕಾಗದಗಳಲ್ಲಿ ಒಂದು ಅಕ್ಷರವೂ ಇಲ್ಲ. ಸಿಂಪಿ ಸೂಪಿಗೆ ಜಾಗ ಇತ್ತು, ಅದಕ್ಕೆ ಇರಲಿಲ್ಲ.

ಹೆಟ್ಟಿ ಬ್ರೂಬೇಕರ್


ಟಾಲ್ಬರ್ಟ್ ಕಾಲೇಜು
5 ಮಾರ್ಚ್ 2023

ಪ್ರಿಯ ಹೆಟ್ಟಿ,

ಸರಿ, ಬರೆಯುತ್ತೇನೆ. ಈ ಕಾಗದಕ್ಕಾಗಿ ಹೊಸ ಪೆನ್ನು ತಂದಿದ್ದೇನೆ.

2004ರ ಫೈನಲ್. ಒಂದು ಕಡೆ ನೀನು ಕೋಚ್ ಆಗಿದ್ದ ಆಶ್‌ಮೋರ್ ಕಾಲೇಜು, ಇನ್ನೊಂದು ಕಡೆ ನನ್ನ ಟಾಲ್ಬರ್ಟ್. ಹತ್ತು-ಹತ್ತು ಸಮ. ಹೆಚ್ಚುವರಿ ಆಟದಲ್ಲೂ ಸಮ. ಇನ್ನು ಮೊದಲು ಗೋಲು ಹೊಡೆದವರಿಗೆ ಕಪ್. ನಿನ್ನ ಹದಿನಾಲ್ಕನೇ ನಂಬರು, ಮಾರ್ನಿ, ನನ್ನ ಮೂರು ಹುಡುಗಿಯರ ನಡುವೆ ನುಸುಳಿ ಗೋಲು ಹೊಡೆದಳು. ಅಷ್ಟು ಸೊಗಸಾದ ಗೋಲು ನಾನು ಮತ್ತೆ ನೋಡಲಿಲ್ಲ. ನಿನ್ನವರು ಕೋಲು ಮೇಲಕ್ಕೆಸೆದು ಕುಣಿಯುತ್ತಿದ್ದರು. ನಾನು ಕೈ ಎತ್ತಿ ಅಂಪೈರನ್ನು ಕರೆದು, "ಕೋಲು ನೋಡಿ," ಅಂದೆ.

ಅವರು ಮಾರ್ನಿಯ ಕೋಲಿನ ಜೋಳಿಗೆಗೆ ಚೆಂಡು ಹಾಕಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಬೇಕಿತ್ತು. ಕಾಣಲಿಲ್ಲ. ಜೋಳಿಗೆ ಒಂದು ಕೂದಲಿನಷ್ಟು ಆಳವಾಗಿತ್ತು. ಗೋಲು ಅಳಿಸಿದರು. ಎರಡು ನಿಮಿಷದಲ್ಲಿ ನಾವು ಹೊಡೆದೆವು, ಗೆದ್ದೆವು.

ಇಷ್ಟು ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಇದು: ನಾನು ಅಂದಾಜಿನ ಮೇಲೆ ಕೈ ಎತ್ತಲಿಲ್ಲ. ಕೊಲ್ಲಿಯಿಂದ ಮಂಜು ಬಂದರೆ ಜೋಳಿಗೆಯ ಚರ್ಮದ ದಾರ ಸಡಿಲವಾಗಿ ಜಗ್ಗುತ್ತದೆ, ಅರ್ಧ ಆಟಕ್ಕೆ ಒಂದು ಸಲ ಬಿಗಿ ಮಾಡಲೇಬೇಕು ಅಂತ ನನಗೆ ಕಲಿಸಿದವಳು ನೀನು. ಬಾಲ್ಟಿಮೋರಿನಲ್ಲಿ ನಾವು ಆಡುತ್ತಿದ್ದ ದಿನಗಳಲ್ಲಿ, ನನ್ನ ಕೋಲು, ನಿನ್ನ ಕೋಲು, ಎರಡನ್ನೂ ನೀನೇ ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿ ಮಾಡುತ್ತಿದ್ದೆ. ಆ ದಿನ ವಿರಾಮಕ್ಕೆ ಮೊದಲೇ ಮಂಜು ಬಂತು. ನಾನು ನನ್ನವರ ಕೋಲುಗಳನ್ನೆಲ್ಲ ಎಳೆದು ಬಿಗಿ ಮಾಡಿದೆ. ತಲೆ ಎತ್ತಿ ನೋಡಿದರೆ ನಿನ್ನ ಬೆಂಚಿನಲ್ಲಿ ನೀನಿರಲಿಲ್ಲ, ಕೋಲುಗಳು ಹಾಗೇ ಬಿದ್ದಿದ್ದವು. ಹೆಟ್ಟಿ ಮರೆತಿದ್ದಾಳೆ ಅಂದುಕೊಂಡೆ. ಅದನ್ನು ಎದೆಯಲ್ಲಿ ಇಟ್ಟುಕೊಂಡು ಅರ್ಧ ಆಟ ಕಾದೆ. ನೀನು ಕೊಟ್ಟ ವಿದ್ಯೆಯನ್ನೇ ನಿನ್ನ ಮೇಲೆ ಎತ್ತಿದೆ.

ನಿಯಮದ ಪ್ರಕಾರ ಸರಿ. ಆ ನಿಯಮ ಇಟ್ಟುಕೊಂಡು ಹತ್ತೊಂಬತ್ತು ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿದೆ. ನನಗೆ ಗೆಲ್ಲಬೇಕಿತ್ತು, ಅಷ್ಟೇ. ಬೇರೆ ಕಾರಣ ಹುಡುಕಿ ಹುಡುಕಿ ಸುಸ್ತಾಗಿದೆ. ನಾನು ಮಾಡಿದ್ದು ತಪ್ಪು, ಹೆಟ್ಟಿ.

ಲೆನೋರ್


ಲ್ಯಾಂಕಾಸ್ಟರ್ ಜಿಲ್ಲೆ
21 ಮಾರ್ಚ್ 2023

ಲೆನೋರ್,

ಕೇಳಿದ್ದನ್ನು ಬರೆದೆ. ಹಾಗಾಗಿ ನಾನೂ ಬರೆಯುತ್ತೇನೆ.

ಮಂಜಿಗೆ ಚರ್ಮ ಜಗ್ಗುವುದನ್ನು ನಾನು ಮರೆಯುತ್ತೇನೆಯೇ? ಊಟ ಮರೆತೇನು, ಅದನ್ನು ಮರೆಯುವವಳಲ್ಲ.

ವಿರಾಮದಲ್ಲಿ ನೀರಿನ ನಲ್ಲಿಯ ಹತ್ತಿರ ನಿನ್ನ ಒಬ್ಬ ಹುಡುಗಿ ಕೋಲು ಹಿಡಿದು ಅಳುತ್ತಾ ನಿಂತಿದ್ದಳು. ಜೋಳಿಗೆಯ ಒಂದು ಪಟ್ಟಿ ಬುಡದಲ್ಲೇ ಕಿತ್ತಿತ್ತು. "ನಮ್ ಕೋಚ್‌ಗೆ ಹೇಳಿದ್ರೆ ನನ್ನ ಕೂರಿಸಿಬಿಡ್ತಾರೆ. ನೀವು ಕಟ್ಟೋದ್ರಲ್ಲಿ ಗಟ್ಟಿಗರು ಅಂತ ಅವರೇ ಹೇಳ್ತಾರೆ," ಅಂದಳು. ನಾನು "ಹೋಗೇ, ನಾನು ಎದುರು ತಂಡದವಳು," ಅಂದೆ. ಅವಳು ಹೋಗಲಿಲ್ಲ. ನೆಲದ ಮೇಲೆ ಕೂತು ಕಟ್ಟಿಕೊಟ್ಟೆ. ಪೂರ್ತಿ ಹತ್ತು ನಿಮಿಷ ಹಿಡಿಯಿತು. ಸೀಟಿ ಊದಿದಾಗ ನನ್ನವರ ಕೋಲು ಒಂದನ್ನೂ ಮುಟ್ಟಿರಲಿಲ್ಲ. ಹೋಗಲಿ, ಒಂದು ಕೂದಲಿನಷ್ಟು ತಾನೇ, ಯಾರು ಕೇಳುತ್ತಾರೆ ಅಂದುಕೊಂಡೆ. ಕೇಳಬಲ್ಲವಳು ಇಡೀ ಮೈದಾನದಲ್ಲಿ ಒಬ್ಬಳೇ ಇದ್ದಳು. ಅವಳು ಕೇಳುವುದಿಲ್ಲ ಅಂದುಕೊಂಡೆ.

ಆ ಹುಡುಗಿ ನಿನ್ನ ಟೆಸ್. ನೀವು ಗೆದ್ದ ಗೋಲು ಹೊಡೆದದ್ದು ಅವಳೇ, ನಾನು ಕಟ್ಟಿಕೊಟ್ಟ ಕೋಲಿನಲ್ಲಿ.

ನಾನು ಕೋಚ್ ಕೆಲಸ ಬಿಟ್ಟದ್ದು ಸೋತದ್ದಕ್ಕಲ್ಲ. ಬಸ್ಸಿನಲ್ಲಿ ಮಾರ್ನಿ ನನ್ನ ಮಡಿಲಲ್ಲಿ ತಲೆಯಿಟ್ಟು, "ನಾನು ಮೋಸ ಮಾಡಿಲ್ಲ, ಕೋಚ್, ನಾನು ಮಾಡಿಲ್ಲ," ಅಂತ ಮೂರು ಗಂಟೆ ಅತ್ತಳು. ನನ್ನ ಕೈ ತಪ್ಪಿಗೆ ಅವಳಿಗೆ ಮೋಸಗಾತಿ ಅನ್ನುವ ಹೆಸರು ಬಂತು. ಇನ್ನೊಂದು ಹುಡುಗಿಯ ಕೈಗೆ ಕೋಲು ಕೊಡಲು ನನಗೆ ಮನಸ್ಸು ಬರಲಿಲ್ಲ.

ಅದನ್ನೂ ನುಂಗಿಕೊಂಡೇನು. ನುಂಗಲಾಗದ್ದು ಒಂದೇ. ಅಂಪೈರು ಗೋಲು ಅಳಿಸಿದಾಗ ನಾನು ನಿನ್ನ ಕಡೆ ನೋಡಿದೆ. ನೀನು ಗೋಲಿನ ಕಂಬದ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದೆ. ಒಂದು ಸಲವೂ ನನ್ನತ್ತ ನೋಡಲಿಲ್ಲ. ಈಗ ಮುಖ ನೋಡಬೇಕು ಅನ್ನುತ್ತೀಯ. ಅವತ್ತು ನನ್ನ ಮುಖ ಅಲ್ಲೇ ಇತ್ತಲ್ಲ?

ಹೆಟ್ಟಿ


ಟಾಲ್ಬರ್ಟ್ ಕಾಲೇಜು
2 ಏಪ್ರಿಲ್ 2023

ಪ್ರಿಯ ಹೆಟ್ಟಿ,

ನಿನ್ನ ಕಾಗದಗಳನ್ನು ಈಗ ನಾನೇ ಓದಲಾರೆ. ಟೆಸ್ ಓದುತ್ತಾಳೆ. ಇದನ್ನೂ ಅವಳೇ ಓದಿದಳು, ಅಭ್ಯಾಸ ಮುಗಿದ ಮೇಲೆ, ಖಾಲಿ ಬೆಂಚಿನಲ್ಲಿ ಕೂತು. "ನೀರಿನ ನಲ್ಲಿಯ ಹತ್ತಿರ" ಅನ್ನುವವರೆಗೆ ಓದಿ ನಿಂತಳು.

"ಮುಂದೆ ಓದೇ," ಅಂದೆ.

"ಕೋಚ್, ಇದು ನಾನು," ಅಂದಳು.

ಆಮೇಲೆ ಎಲ್ಲವನ್ನೂ ಓದಿದಳು, ಒಂದು ಪದ ಬಿಡದೆ. ಅವಳಿಗೀಗ ನಲವತ್ತು ವರ್ಷ, ಎರಡು ಮಕ್ಕಳ ತಾಯಿ. ಧ್ವನಿ ಮಾತ್ರ ಸಣ್ಣ ಹುಡುಗಿಯದಾಗಿತ್ತು.

"ಇಷ್ಟು ವರ್ಷ ನನ್ನ ಪಕ್ಕದಲ್ಲೇ ನಿಂತಿದ್ದೆ. ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಗೆ ಹೇಳ್ಲಿ? ಎಲ್ರೂ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ರು. ನೀವು ಅಳ್ತಿದ್ರಿ, ಖುಷಿಗೆ ಅಂದ್ಕೊಂಡೆ. ಮಾರನೇ ದಿನ ಹೇಳೋಣ ಅಂತಿದ್ದೆ. ಮಾರನೇ ದಿನ ಅನ್ನೋದು ಬರ್ಲೇ ಇಲ್ಲ, ಕೋಚ್."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮಾರನೆಯ ದಿನವೂ ಬಂದಿರಲಿಲ್ಲ. ಮೈದಾನದ ಆಚೆ ತುದಿಯಲ್ಲಿ ಮಂಜು ಕೂತಿತ್ತೋ ನನ್ನ ಕಣ್ಣಲ್ಲೇ ಇತ್ತೋ ಗೊತ್ತಿಲ್ಲ. ಅದರೊಳಗೆ ಯಾರೋ ಇಬ್ಬರು ಹುಡುಗಿಯರು ಚೆಂಡು ಎಸೆದಾಡುತ್ತಿದ್ದ ಹಾಗಿತ್ತು. ಟೆಸ್‌ಗೆ ಕೇಳಿದೆ. "ಯಾರೂ ಇಲ್ಲ, ಕೋಚ್," ಅಂದಳು.

ಅವತ್ತು ಯಾಕೆ ನಿನ್ನ ಕಡೆ ನೋಡಲಿಲ್ಲ ಅಂದರೆ, ನಾಚಿಕೆ. ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಕುಸಿಯಬೇಕಿತ್ತು.

ಮಾರ್ನಿಯ ವಿಳಾಸ ಟೆಸ್ ಹುಡುಕುತ್ತಿದ್ದಾಳೆ. ಅವಳಿಗೆ ನಾವಿಬ್ಬರೂ ಬರೆಯುತ್ತೇವೆ.

ನಿನಗೆ ಬಾ ಅಂತ ಮತ್ತೆ ಕೇಳುವ ಮುಖ ನನಗಿಲ್ಲ. ಕೇಳುವುದಿಲ್ಲ.

1977ರಲ್ಲಿ ನೀನು ಕಟ್ಟಿಕೊಟ್ಟ ನನ್ನ ಮರದ ಕೋಲು ಇನ್ನೂ ಇದೆ. ಈಗಿನ ಹುಡುಗಿಯರದೆಲ್ಲ ನೈಲಾನು, ಮಂಜಿಗೆ ಜಗ್ಗುವುದಿಲ್ಲ. ನನ್ನದನ್ನು ಪ್ರತಿ ಪಂದ್ಯದಲ್ಲಿ ಬೆಂಚಿಗೆ ಒರಗಿಸಿ ಇಡುತ್ತೇನೆ. ಹತ್ತೊಂಬತ್ತು ವರ್ಷದಿಂದ ಯಾರೂ ಬಿಗಿ ಮಾಡಿಲ್ಲ. ಜೋಳಿಗೆಯಲ್ಲಿ ಕುಂಬಳಕಾಯಿ ಇಡಬಹುದು.

ಲೆನೋರ್


ಲ್ಯಾಂಕಾಸ್ಟರ್ ಜಿಲ್ಲೆ
1 ಮೇ 2023

ಲೆನೋರ್,

ಕೇಳುವುದಿಲ್ಲ ಅಂದೆಯಲ್ಲ, ಅದಕ್ಕೇ ಬಂದೆ.

ಎರಡೂವರೆ ಗಂಟೆ ಕಾರು ಓಡಿಸಿದೆ. ವಿರಾಮದ ಹೊತ್ತಿಗೆ ನಿನ್ನ ಬೆಂಚಿನ ತನಕ ಬಂದು, ನಿನ್ನಿಂದ ನಾಲ್ಕು ಮೊಳ ದೂರದಲ್ಲಿ ಕೂತೆ. ಹಳೆಯ ಕೋಲು ಕಂಡಿತು, ಎತ್ತಿಕೊಂಡು ಬಿಗಿ ಮಾಡಿದೆ. ಹತ್ತು ನಿಮಿಷ, ಲೆನೋರ್. ನೀನು ಗೋಲಿನ ಕಂಬ ನೋಡುತ್ತಾ ನಿಂತಿದ್ದೆ. ಅದೇ ನಿಲುವು, ಅದೇ ಕತ್ತು. ಒಂದು ಸಲವೂ ನನ್ನತ್ತ ತಿರುಗಲಿಲ್ಲ. ಕುರುಡಿಯೇ ಆಗಿದ್ದರೂ ಸದ್ದಿಗಾದರೂ ತಿರುಗುತ್ತಾರೆ.

ಕೋಲು ಒರಗಿಸಿಟ್ಟು ಎದ್ದು ಬಂದೆ. ಹತ್ತೊಂಬತ್ತು ವರ್ಷದಲ್ಲಿ ನೀನು ಒಂದಿಷ್ಟೂ ಬದಲಾಗಿಲ್ಲ. ನಿನ್ನ ಮುಖ ನಾನು ನೋಡಿ ಆಯಿತು. ಇನ್ನು ಬರೆಯಬೇಡ.

ಹೆಟ್ಟಿ


ಟಾಲ್ಬರ್ಟ್ ಕಾಲೇಜು
5 ಮೇ 2023

ಹೆಟ್ಟಿ, ಹುಚ್ಚಿ, ಇದನ್ನು ಒಲೆಗೆ ಹಾಕುವ ಮೊದಲು ಓದು.

ತಪ್ಪು ನನ್ನದೇ, ನಿನಗೆ ಸರಿಯಾಗಿ ಹೇಳಲಿಲ್ಲ. ಚುಕ್ಕೆ ನಟ್ಟನಡುವೆ ಇದೆ. ನಾನು ಯಾವುದನ್ನು ನೆಟ್ಟಗೆ ನೋಡುತ್ತೇನೋ ಅದು ಮಾಯವಾಗುತ್ತದೆ. ನಿನ್ನ ಕಡೆ ತಿರುಗಿದ್ದರೆ ನಿನ್ನ ಕೋಟಿನ ಮೇಲೆ ಒಂದು ಬೂದು ಮೋಡ ಇರುತ್ತಿತ್ತು, ಅಷ್ಟೇ. ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಕಲಿಸಿದಳು, "ಬೇಕಾದ್ದನ್ನ ನೋಡ್ಬೇಡಿ ಅಮ್ಮ, ಅದರ ಪಕ್ಕಕ್ಕೆ ನೋಡಿ, ಆಗ ಅದು ತಾನೇ ಅಂಚಿಗೆ ಬಂದು ನಿಲ್ಲುತ್ತೆ." ಜನವರಿಯಿಂದ ಅದನ್ನೇ ಅಭ್ಯಾಸ ಮಾಡಿದ್ದೇನೆ. ನಮ್ಮ ಹಳೆಯ ತಂಡದ ಫೋಟೋ ಗೋಡೆಯ ಮೇಲಿದೆಯಲ್ಲ, ಅದರ ಪಕ್ಕದ ಮೊಳೆ ನೋಡುತ್ತಾ ಕೂರುತ್ತಿದ್ದೆ. ಮೂರು ತಿಂಗಳಾದ ಮೇಲೆ ನಿನ್ನ ಮುರಿದ ಹಲ್ಲು ಕಾಣಿಸಿತು. ಯಾರಿಗಾಗಿ ಈ ಕಸರತ್ತು ಅಂದುಕೊಂಡೆ?

ಶನಿವಾರ ನೀನು ಬರುವ ಮೊದಲೇ ನಿನ್ನ ನಡಿಗೆ ಗುರುತು ಸಿಕ್ಕಿತು. ಕೂಡಲೇ ಗೋಲಿನ ಕಂಬಕ್ಕೆ ಕಣ್ಣು ನೆಟ್ಟೆ, ಮತ್ತೆ ಕದಲಿಸಲಿಲ್ಲ. ಕದಲಿಸಿದರೆ ನೀನು ಹೋಗಿಬಿಡುತ್ತಿದ್ದೆ. ಮಾತಾಡಿದರೆ ಕತ್ತು ತಾನೇ ನಿನ್ನತ್ತ ತಿರುಗೀತು ಅಂತ ಬಾಯಿಯನ್ನೂ ಬಿಗಿಹಿಡಿದೆ. ಆಮೇಲೆ ಸೀಟಿ, ಆಟ, ಹೂವು, ಭಾಷಣ. ಮುಗಿದಾಗ ಕೋಲು ಇತ್ತು, ನೀನು ಇರಲಿಲ್ಲ.

ನಂಬುವುದಿಲ್ಲವಾ? ಕೇಳು. ಕೂದಲು ಪೂರ್ತಿ ಬೆಳ್ಳಗೆ, ಕಿವಿಯ ಮಟ್ಟಕ್ಕೆ ಕತ್ತರಿಸಿದ್ದೀಯ, ನಿನಗೆ ಒಪ್ಪುತ್ತದೆ. ನೀಲಿ ಕೋಟಿನ ಎರಡನೇ ಗುಂಡಿ ಇಲ್ಲ. ಎಡಗೈ ಹೆಬ್ಬೆರಳಿಗೆ ಬಟ್ಟೆ ಕಟ್ಟಿದ್ದೀಯ. ದಾರವನ್ನು ಇನ್ನೂ ಹಲ್ಲಿನಲ್ಲೇ ಕಚ್ಚಿ ಎಳೆಯುತ್ತೀಯ, ಅರುವತ್ತಾರು ವಯಸ್ಸಿನಲ್ಲಿ, ನಾಚಿಕೆ ಇಲ್ಲ. ಕೊನೆಯ ಗಂಟು ಹಾಕುವಾಗ ನೀನು ಅತ್ತೆ. ತೋಳಿನಿಂದ ಮೂಗು ಒರೆಸಿಕೊಂಡು, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದೆ.

ನಾನು ನೋಡಿದೆ, ಹೆಟ್ಟಿ. ಅವತ್ತು ನಾಚಿಕೆಯಿಂದ ಮುಖ ತಿರುಗಿಸಿದ್ದೆ, ಅದು ನಿಜ. ಶನಿವಾರ ಹತ್ತು ನಿಮಿಷವೂ ನಾನು ನಿನ್ನನ್ನೇ ನೋಡುತ್ತಿದ್ದೆ.

ಲೆನೋರ್


ಲ್ಯಾಂಕಾಸ್ಟರ್ ಜಿಲ್ಲೆ
10 ಮೇ 2023

ಪ್ರಿಯ ಲೆನೋರ್,

ಕಾಗದ ಅಂಗಡಿಯಲ್ಲಿ ಓದಿದೆ. ಲಗಾಮು ತೆಗೆದುಕೊಂಡು ಹೋಗಲು ಬಂದವನು, "ಏನಾಯ್ತು ಹೆಟ್ಟಿ, ಯಾರಾದ್ರೂ ಹೋಗ್ಬಿಟ್ರಾ?" ಅಂದ. "ಇಲ್ಲಪ್ಪ, ಒಬ್ಬಳು ಇದ್ದಾಳೆ," ಅಂದೆ.

ಗುಂಡಿ ಹೊಲಿದುಕೊಂಡೆ.

ಮುಂದಿನ ಗುರುವಾರ ಬರುತ್ತೇನೆ. ಬೀಟ್‌ರೂಟಿನ ರಸದಲ್ಲಿ ನೆನೆಸಿದ ಕೆಂಪು ಮೊಟ್ಟೆ, ಕಾಕಂಬಿ ಪೈ ತರುತ್ತೇನೆ. ನಿಮ್ಮ ಕಡೆ ಏಡಿಗಳು ಚಿಪ್ಪು ಕಳಚಿ ಮೆತ್ತಗಾಗಿರುವ ಕಾಲ, ನೀನು ಹುರಿದಿಡು, ಸುಟ್ಟುಕೊಳ್ಳಬೇಡ, ಟೆಸ್ ಕೈಲಿ ಮಾಡಿಸು. ಅವಳ ಜೊತೆಗೂ ಮಾತಿದೆ. ಕೋಲು ಬಾಗಿಲ ಹತ್ತಿರ ಇರಲಿ, ಶನಿವಾರದ ಕೊನೆಯ ಗಂಟು ಸರಿಯಾಗಿ ಬಿದ್ದಿಲ್ಲ.

ಎರಡು ಸಲ ಬಾಗಿಲು ತಟ್ಟುತ್ತೇನೆ. ತೆಗೆದಾಗ ನನ್ನ ಕಡೆ ನೋಡಬೇಡ.

ನಿನ್ನ,
ಹೆಟ್ಟಿ